ಕಾಸು ಕೊಟ್ಟು ಕೂಲಿ: ನ್ಯೂ ಇಂಗ್ಲೆಂಡಿನ ಸೇಬಿನ ತೋಟಗಳ ಪೂರ್ವಕಥೆ

ಅಮೆರಿಕದ ಹಣ್ಣೆಂದು ಜಗತ್ತೆಲ್ಲ ಭಾವಿಸಿರುವ ಸೇಬು ವಾಸ್ತವವಾಗಿ ಈ ನೆಲದ್ದಲ್ಲ. ಯೂರೋಪಿನ ಜನ ಬರುವ ಮುನ್ನ ಉತ್ತರ ಅಮೆರಿಕದಲ್ಲಿ ಇದ್ದದ್ದು ಹುಳಿ, ಒಗರು ತುಂಬಿದ ಕಿರುಸೇಬಿನ ಕೆಲವು ಕಾಡುಜಾತಿಗಳು ಮಾತ್ರ. ನಾವು ತಿನ್ನುವ ಸೇಬಿನ ತವರು ಮಧ್ಯ ಏಷ್ಯದ ತಿಯಾನ್ ಶಾನ್ ಪರ್ವತಗಳ ತಪ್ಪಲು, ಈಗಿನ ಕಜಕಸ್ತಾನದ ಅಲ್ಮಾಟಿ ನಗರದ ಆಸುಪಾಸು. 1929ರಲ್ಲಿ ಅಲ್ಲಿಗೆ ಹೋದ ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಅವರು ಕಾಡುಸೇಬಿನ ವನಗಳನ್ನು ಕಂಡು ಈ ನಿರ್ಣಯಕ್ಕೆ ಬಂದರು. ಅಲ್ಲಿಂದ ವರ್ತಕರ ದಾರಿ ಹಿಡಿದು ಪರ್ಷಿಯ, ಗ್ರೀಸ್, ರೋಮ್, ಇಂಗ್ಲೆಂಡುಗಳನ್ನು ಹಾಯ್ದ ಈ ಹಣ್ಣು 17ನೆಯ ಶತಮಾನದಲ್ಲಿ ಹಡಗೇರಿ ಮ್ಯಾಸಚುಸೆಟ್ಸ್ ಕರಾವಳಿಯಲ್ಲಿ ಇಳಿಯಿತು. ‘ಸೇಬು’ ಎಂಬ ನಮ್ಮ ಮಾತು ಕೂಡ ಪರ್ಷಿಯನ್ ಭಾಷೆಯಿಂದ ಬಂದದ್ದೇ. ವಲಸೆಯ ವಿಷಯದಲ್ಲಿ ಈ ಹಣ್ಣು ನಮಗೆಲ್ಲ ಹಿರಿಯಣ್ಣ.

ಈ ಹಿರಿಯಣ್ಣನನ್ನು ಕಾಣಲು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮುಗಿಯುವುದರೊಳಗೆ, ನಾವು ಸಂಸಾರಸಮೇತ ಹೋಗಿಬರುತ್ತೇವೆ. ಬಾಸ್ಟನ್ನಿನ ಪಶ್ಚಿಮಕ್ಕಿರುವ ಸ್ಟೋ, ಬೋಲ್ಟನ್, ಹಾರ್ವರ್ಡ್ ಎಂಬ ಸಣ್ಣ ಊರುಗಳ ಗುಡ್ಡಗಳಲ್ಲಿ (ವಿಶ್ವವಿದ್ಯಾಲಯವಿರುವುದು ಈ ಹಾರ್ವರ್ಡಿನಲ್ಲಿ ಅಲ್ಲ) ‘ನೀವೇ ಕಿತ್ತುಕೊಳ್ಳಿ’ ಎಂಬ ಫಲಕ ಹೊತ್ತ ತೋಟಗಳು ಹಲವಾರಿವೆ. ಪುಳಿಯೋಗರೆ, ಮೊಸರನ್ನಗಳ ಡಬ್ಬಿಗಳೊಡನೆ ಕನ್ನಡ ಕುಟುಂಬಗಳ ಕಾರುಗಳು ಅಲ್ಲಿ ಸಾಲುಗಟ್ಟುವುದು ನವರಾತ್ರಿಯ ಆಸುಪಾಸಿನ ಶನಿವಾರಗಳ ನಿತ್ಯದೃಶ್ಯ. ಬಾಗಿಲಲ್ಲಿ ಹಣ ತೆತ್ತು ಖಾಲಿ ಚೀಲ ಪಡೆಯುವುದು, ಟ್ರ್ಯಾಕ್ಟರ್ ಎಳೆಯುವ ಹುಲ್ಲುಗಾಡಿಯಲ್ಲಿ ಕುಳಿತು ಗುಡ್ಡ ಹತ್ತುವುದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ಹಣ್ಣು ಕೀಳಿಸುವುದು, ಭಾವಚಿತ್ರ ತೆಗೆಯುವುದು. ಆಮೇಲೆ ಒಂದು ತಿಂಗಳು ಮನೆಯಲ್ಲಿ ಸೇಬಿನ ಹಲ್ವ, ಸೇಬಿನ ಗೊಜ್ಜು. ಹುಳಿಸೇಬಾದರೆ ಮಾವಿನಕಾಯಿಯ ಬದಲು ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ. ಇದು ನಮ್ಮ ಗೃಹಿಣಿಯರ ಆವಿಷ್ಕಾರವೆಂದೇ ಹೇಳಬೇಕು.

ನಾನು ವೃತ್ತಿಯಿಂದ ಇಂಜಿನಿಯರ್, ಇತಿಹಾಸಜ್ಞನಲ್ಲ. ಈ ವಿನೋದದ ಹಿಂದೆ ಚರಿತ್ರೆಯೊಂದಿದೆ ಎಂಬುದು ನನಗೆ ಹೊಳೆದದ್ದು 2006ರಲ್ಲಿ, ನನ್ನ ತಂದೆಯವರು ಇಲ್ಲಿಗೆ ಬಂದಿದ್ದಾಗ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಯುಷ್ಯವೆಲ್ಲ ಅಡಿಕೆ ತೋಟ ಮಾಡಿದವರು ಅವರು. ಚೀಲಕ್ಕೆ ನಾನು ಕೊಟ್ಟ ಹಣವನ್ನು ರೂಪಾಯಿಗೆ ಪರಿವರ್ತಿಸಿ ಮನಸ್ಸಿನಲ್ಲೇ ಗುಣಿಸಿಕೊಂಡು, “ಕೊಯ್ಯುವವರೂ ನಾವೇ, ದುಡ್ಡು ಕೊಡುವವರೂ ನಾವೇ. ಹಾಗಾದರೆ ತೋಟದವನು ಮಾಡುವುದೇನೋ?” ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಎರಡು ಸಾಲು ಮರ ದಾಟುವವರೆಗೆ ಯೋಚಿಸಿ, “ಇದು ನಮ್ಮ ಕಡೆಯ ಚೇಣಿಯ ಹಾಗೆ. ಚೀಲದ ಲೆಕ್ಕದ ಚೇಣಿ. ಆಳು ಸಿಗದ ಊರಿನಲ್ಲಿ ಯಾರೋ ಕಷ್ಟಕ್ಕೆ ಸಿಕ್ಕಿ ಕಂಡುಕೊಂಡ ಉಪಾಯ ಇರಬೇಕು” ಎಂದರು.

ಮಲೆನಾಡಿನವರಲ್ಲದ ಓದುಗರಿಗೆ ಒಂದು ಮಾತು. ಮರದ ಮೇಲಿರುವ ಫಸಲನ್ನು ಕೊಯ್ಲಿಗೆ ಮುಂಚೆಯೇ ಇನ್ನೊಬ್ಬರಿಗೆ ಒಪ್ಪಿಸಿ, ಕೊಯ್ಯುವ ಹೊಣೆಯನ್ನೂ ಅವರಿಗೇ ಬಿಡುವುದಕ್ಕೆ ಅಡಿಕೆ ಸೀಮೆಯಲ್ಲಿ ಚೇಣಿ ಎನ್ನುತ್ತಾರೆ. ಅಪ್ಪನ ಊಹೆ ಎಷ್ಟು ಸರಿಯಾಗಿತ್ತೆಂಬುದು ಪುಸ್ತಕಗಳನ್ನು ತಿರುವಿಹಾಕಿದ ಮೇಲೆ ನನಗೆ ತಿಳಿಯಿತು. ಆದರೆ ಆ ಕಷ್ಟದ ಕಾಲಕ್ಕೆ ಬರುವ ಮುನ್ನ ತೋಟಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

ಬಾಸ್ಟನ್ನಿನ ಮೊತ್ತಮೊದಲ ಬಿಳಿಯ ನಿವಾಸಿ ವಿಲಿಯಂ ಬ್ಲ್ಯಾಕ್ಸ್ಟನ್ ಎಂಬ ಪಾದ್ರಿ. 1620ರ ದಶಕದಲ್ಲಿ ಈಗಿನ ಬೀಕನ್ ಹಿಲ್ ದಿಬ್ಬದ ಮೇಲೆ ತನ್ನ ಪುಸ್ತಕಗಳೊಡನೆ ಏಕಾಂಗಿಯಾಗಿದ್ದ ಈತ ಅಲ್ಲೊಂದು ಸೇಬಿನ ತೋಟ ಮಾಡಿದ. 1630ರಲ್ಲಿ ಪ್ಯೂರಿಟನ್ ಪಂಗಡದವರು ಬಂದು ಸುತ್ತ ನೆಲಸಿದ ಮೇಲೆ ನೆರೆಹೊರೆ ಸಹಿಸದೆ, 1635ರ ಹೊತ್ತಿಗೆ ಜಾಗ ಮಾರಿ ಈಗಿನ ರೋಡ್ ಐಲೆಂಡ್ ಕಡೆಗೆ ಹೊರಟುಹೋದ. ಅಲ್ಲಿಯೂ ಸೇಬು ನೆಟ್ಟ. ಎತ್ತಿನ ಮೇಲೆ ಸವಾರಿ ಮಾಡುತ್ತ ಉಪದೇಶಕ್ಕೆ ಹೋಗುತ್ತಿದ್ದನೆಂಬ ಐತಿಹ್ಯವಿದೆ.

ಸೇಬಿನ ಬೀಜ ನೆಟ್ಟರೆ ತಾಯಿಮರದ ಹಣ್ಣೇ ಬರುವುದಿಲ್ಲ. ಸಾವಿರ ಬೀಜಕ್ಕೆ ಸಾವಿರ ಬಗೆಯ ಮರಗಳು, ಬಹುಪಾಲು ಹುಳಿ. ಒಳ್ಳೆಯ ಹಣ್ಣು ಬೇಕಾದರೆ ನಮ್ಮ ರಸಪುರಿ, ಬಾದಾಮಿ ಮಾವುಗಳಂತೆ ಕಸಿಯೇ ಗತಿ. ಮೊದಲಿನವರು ಬೀಜವನ್ನೇ ಬಿತ್ತಿದರು, ಏಕೆಂದರೆ ಅವರಿಗೆ ಹಣ್ಣು ಬೇಕಾಗಿದ್ದುದು ತಿನ್ನಲಿಕ್ಕಲ್ಲ, ಹಿಂಡಿ ಹುಳಿಬರಿಸಿ ಕುಡಿಯಲಿಕ್ಕೆ. ಸೈಡರ್ ಎಂಬ ಆ ಪಾನೀಯ ಎಲ್ಲ ರೈತಮನೆಗಳಲ್ಲೂ ದಿನನಿತ್ಯದ್ದು. ಮಕ್ಕಳ ಕಥೆಗಳಲ್ಲಿ ಬರುವ ಜಾನಿ ಆಪಲ್‌ಸೀಡ್ ಎಂಬುವನು ನಿಜವಾಗಿ ಬದುಕಿದ್ದ ಮನುಷ್ಯ. 1774ರಲ್ಲಿ ಇದೇ ರಾಜ್ಯದ ಲೆಮಿನ್ಸ್ಟರ್ ಊರಿನಲ್ಲಿ ಹುಟ್ಟಿದ ಜಾನ್ ಚಾಪ್ಮನ್. ಒಹಾಯೊ, ಇಂಡಿಯಾನ ಪ್ರಾಂತಗಳಲ್ಲಿ ಅವನು ಬೆಳೆಸಿ ಮಾರಿದ್ದು ಬೀಜದ ಸಸಿಗಳನ್ನು. ಅಂದರೆ ನಮ್ಮ ಮಕ್ಕಳು ಶಾಲೆಯಲ್ಲಿ ಕಾಗದದ ಟೋಪಿ ಹಾಕಿಕೊಂಡು ಕೊಂಡಾಡುವ ಆ ಸಾಧುವಿನ ಸೇಬು ಬಹುಮಟ್ಟಿಗೆ ಪಾನಗೋಷ್ಠಿಯ ಸೇಬು!

ಇವುಗಳ ನಡುವೆ ತಾನಾಗಿ ಹುಟ್ಟಿದ ಒಳ್ಳೆಯ ಮರಗಳೂ ಇದ್ದವು. 1740ರ ಸುಮಾರಿಗೆ ಬಾಸ್ಟನ್ನಿನ ಉತ್ತರಕ್ಕಿರುವ ವಿಲ್ಮಿಂಗ್ಟನ್ನಿನಲ್ಲಿ ಕಂಡುಬಂದ ಒಂದು ಮರದ ಸಂತತಿಯನ್ನು ಕರ್ನಲ್ ಲೋಅಮ್ಮಿ ಬಾಲ್ಡ್ವಿನ್ ಎಂಬ ಇಂಜಿನಿಯರ್ ಕಸಿಯ ಮೂಲಕ ಹರಡಿದರು. ಮಿಡ್ಲ್‌ಸೆಕ್ಸ್ ಕಾಲುವೆಯನ್ನು ಕಟ್ಟಿಸಿದವರೂ ಇವರೇ. ಆ ಬಾಲ್ಡ್ವಿನ್ ಸೇಬು 19ನೆಯ ಶತಮಾನದಲ್ಲಿ ನ್ಯೂ ಇಂಗ್ಲೆಂಡನ್ನು ಆಳಿತು. ದಪ್ಪ ಸಿಪ್ಪೆ, ಪೀಪಾಯಿಯಲ್ಲಿ ತುಂಬಿಟ್ಟರೆ ಚಳಿಗಾಲವೆಲ್ಲ ಕೆಡುತ್ತಿರಲಿಲ್ಲ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು 1833ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಕಳಿಸಿದಾಗ, 180 ಟನ್ ಹೊರಟದ್ದರಲ್ಲಿ ಸುಮಾರು 100 ಟನ್ ಕರಗದೆ ತಲುಪಿತಂತೆ. ಈ ವ್ಯಾಪಾರದಲ್ಲಿ ಮಂಜಿನ ಜೊತೆಗೆ ಸೇಬುಗಳೂ ಭಾರತಕ್ಕೆ ಬಂದವು. ಮದರಾಸಿನ ಕಡಲತೀರದಲ್ಲಿ ಇಂದು ವಿವೇಕಾನಂದ ಭವನವೆಂದು ಕರೆಯುವ ಕಟ್ಟಡ ಆ ಮಂಜುಗಡ್ಡೆಗೆಂದೇ 1842ರಲ್ಲಿ ಕಟ್ಟಿದ ಉಗ್ರಾಣ.

ಇದಕ್ಕಿಂತಲೂ ಆಪ್ತವಾದ ನಂಟು ಇನ್ನೊಂದಿದೆ. ಐಯೊವಾ ರಾಜ್ಯದ ಪೆರು ಎಂಬ ಹಳ್ಳಿಯಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಸೇಬೊಂದನ್ನು 1890ರ ದಶಕದಲ್ಲಿ ಮಿಸೌರಿಯ ಸ್ಟಾರ್ಕ್ ಸೋದರರ ಸಸ್ಯಕ್ಷೇತ್ರದವರು ಕೊಂಡು ‘ಡೆಲಿಶಿಯಸ್’ ಎಂದು ಹೆಸರಿಟ್ಟರು. ಅದೇ ಹಣ್ಣಿನ ಸಸಿಗಳನ್ನು 1916ರಲ್ಲಿ ಹಿಮಾಚಲದ ಕೋಟಗಢಕ್ಕೆ ತಂದು ನೆಟ್ಟವರು ಫಿಲಡೆಲ್ಫಿಯದ ಸ್ಯಾಮ್ಯುಯೆಲ್ ಸ್ಟೋಕ್ಸ್. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು ಅಲ್ಲೇ ನಿಂತ ಇವರು ಅಸಹಕಾರ ಚಳವಳಿಯಲ್ಲಿ ಸೆರೆಮನೆ ಕಂಡರು, ಮುಂದೆ ಸತ್ಯಾನಂದ ಎಂಬ ಹೆಸರು ತಳೆದರು. ನಮ್ಮ ಬಾಲ್ಯದಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದರೆ ಮಾತ್ರ ಮನೆಗೆ ಬರುತ್ತಿದ್ದ, ಒಂದೊಂದನ್ನೂ ಕಾಗದದಲ್ಲಿ ಸುತ್ತಿಟ್ಟಿದ್ದ ಆ ‘ಸಿಮ್ಲಾ ಆಪಲ್’ ಮೂಲದಲ್ಲಿ ಅಮೆರಿಕದ್ದು. ನಾವು ಇತ್ತ ಬರುವ ಎಷ್ಟೋ ಮೊದಲೇ ಅದು ಅತ್ತ ಹೋಗಿತ್ತು.

ಇನ್ನು ಕಷ್ಟದ ಕಾಲ. 1920ರಿಂದ 1933ರವರೆಗಿನ ಪಾನನಿರೋಧ ಸೈಡರ್ ವ್ಯಾಪಾರವನ್ನು ಮುಗಿಸಿತು. ಜೊತೆಗೆ ಆರ್ಥಿಕ ಮಹಾಕುಸಿತ. 1933-34ರ ಘೋರ ಚಳಿಗಾಲದಲ್ಲಿ ನ್ಯೂ ಇಂಗ್ಲೆಂಡಿನ ಬಾಲ್ಡ್ವಿನ್ ಮರಗಳು ಲಕ್ಷೋಪಲಕ್ಷವಾಗಿ ಸತ್ತವು. ಅವುಗಳ ಜಾಗಕ್ಕೆ ಬಂದದ್ದು ಚಳಿ ತಾಳಬಲ್ಲ ಮ್ಯಾಕಿಂಟಾಷ್, 1811ರಲ್ಲಿ ಕೆನಡದ ಆಂಟೇರಿಯೊದಲ್ಲಿ ಜಾನ್ ಮ್ಯಾಕಿಂಟಾಷ್ ಕಂಡ ಮರದ ಸಂತತಿ. (ನಮ್ಮಲ್ಲಿ ಅನೇಕರು ಅನ್ನ ಸಂಪಾದಿಸುವ ಗಣಕಯಂತ್ರಗಳ ಪೈಕಿ ಒಂದಕ್ಕೆ 1984ರಲ್ಲಿ ಈ ಹೆಸರು ಬಂದದ್ದೂ ಹಣ್ಣಿನಿಂದಲೇ, ಕಾಗುಣಿತ ಮಾತ್ರ ಬೇರೆ.) ಹೊಸ ಮರಗಳು ಬೇರೂರುತ್ತಿದ್ದಾಗಲೇ, 1938ರ ಸೆಪ್ಟೆಂಬರ್ 21ರಂದು, ಹಣ್ಣು ಮರದ ಮೇಲಿದ್ದ ಹೊತ್ತಿನಲ್ಲೇ, ಚಂಡಮಾರುತ ಬಂದಪ್ಪಳಿಸಿತು.

‘ನೀವೇ ಕಿತ್ತುಕೊಳ್ಳಿ’ ಎಂಬ ಪದ್ಧತಿ ತಲೆಯೆತ್ತಿದ್ದು ಈ 1930 ಮತ್ತು 40ರ ದಶಕಗಳಲ್ಲಿ. ಹಣ್ಣಿನ ಬೆಲೆ ಎಷ್ಟು ಕುಸಿದಿತ್ತೆಂದರೆ ಕೊಯ್ಲಿನ ಕೂಲಿಯಾಗಲಿ, ತುಂಬುವ ಪೆಟ್ಟಿಗೆಯ ಖರ್ಚಾಗಲಿ ಮಾರಾಟದಿಂದ ಹುಟ್ಟುತ್ತಿರಲಿಲ್ಲ. ಮರದ ಮೇಲೆ ಕೊಳೆಯುವುದಕ್ಕಿಂತ ಜನ ಬಂದು ಕಿತ್ತುಕೊಂಡು ನಾಲ್ಕು ಕಾಸು ಕೊಟ್ಟರೆ ಸಾಕೆಂದು ರೈತರು ಬೇಲಿಯ ಬಾಗಿಲು ತೆರೆದರು. ಬರುವವರೂ ಆಗ ವಿನೋದಕ್ಕೆ ಬಂದವರಲ್ಲ. ಚಳಿಗಾಲಕ್ಕೆ ಹಣ್ಣನ್ನು ಬೇಯಿಸಿ ಜಾಡಿಗಳಲ್ಲಿ ತುಂಬಿಡುವ ಮನೆಗಳವರು, ಅಗ್ಗವೆಂದು ಬಂದವರು. ಅಪ್ಪ ಊಹಿಸಿದ್ದು ಇದನ್ನೇ.

ಅನಂತರದ ಹೊಡೆತ ವಿಜ್ಞಾನದಿಂದ ಬಂತು. ಗಾಳಿಯಲ್ಲಿನ ಆಮ್ಲಜನಕವನ್ನು ಇಳಿಸಿದ ತಂಪು ಕೋಣೆಗಳಲ್ಲಿ ಸೇಬನ್ನು ತಿಂಗಳುಗಟ್ಟಲೆ ಹೊಸದರಂತೆ ಇಡುವ ವಿಧಾನವನ್ನು ಕೇಂಬ್ರಿಜ್ಜಿನ ಕಿಡ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ಕಂಡುಹಿಡಿದಿದ್ದರು. 1940ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಮಾಕ್ ಅದನ್ನು ಮ್ಯಾಕಿಂಟಾಷಿಗೆ ಒಗ್ಗಿಸಿದರು. ಮೊದಲಿಗೆ ಇದು ಪೂರ್ವದ ರೈತರಿಗೆ ವರವಾಯಿತು. ಆದರೆ ಹಣ್ಣು ವರ್ಷವಿಡೀ ಕೆಡದಿರುವುದಾದರೆ ಎಲ್ಲಿ ಅಗ್ಗವಾಗಿ ಬೆಳೆಯುವುದೋ ಅಲ್ಲಿಂದಲೇ ತರಿಸಬಹುದಷ್ಟೆ? ನೀರಾವರಿಯ, ಬಿಸಿಲಿನ, ವಿಶಾಲ ತೋಟಗಳ ವಾಷಿಂಗ್ಟನ್ ರಾಜ್ಯ ದೇಶದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯಲಾರಂಭಿಸಿತು. ಸೂಪರ್‌ಮಾರ್ಕೆಟ್ಟಿನ ಕಪಾಟು ನ್ಯೂ ಇಂಗ್ಲೆಂಡಿನ ಸಣ್ಣ ರೈತನಿಗೆ ಬಹುಪಾಲು ಮುಚ್ಚಿಹೋಯಿತು.

ಅದೇ ಸಮಯಕ್ಕೆ ನೆಲದ ಬೆಲೆ ಏರಿತು. ಬಾಸ್ಟನ್ನಿನ ಸುತ್ತ 128ನೆಯ ಹೆದ್ದಾರಿ 1951ರಲ್ಲಿ ತೆರೆಯಿತು. 1960ರ ದಶಕದಲ್ಲಿ ಅದರಾಚೆಯ 495 ಸೇಬಿನ ಸೀಮೆಯನ್ನೇ ಸೀಳಿಕೊಂಡು ಹೋಯಿತು. 1957ರಲ್ಲಿ ಮೇನಾರ್ಡಿನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಆರಂಭವಾದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ 1998ರಲ್ಲಿ ಇನ್ನೊಂದು ಕಂಪೆನಿಯ ಪಾಲಾಗುವವರೆಗೆ ಎಷ್ಟೋ ಭಾರತೀಯ ಇಂಜಿನಿಯರುಗಳಿಗೆ ಆಶ್ರಯವಿತ್ತಿತು. ಆ ಕಂಪೆನಿಗಳ ಕಟ್ಟಡಗಳೂ, ಅವುಗಳ ನೌಕರರ ಮನೆಗಳೂ ಎದ್ದದ್ದು ಹಲವೆಡೆ ಕಡಿದ ಸೇಬಿನ ತೋಟಗಳ ಮೇಲೆ. ನಾನಿರುವ ಬಡಾವಣೆಯ ಬೀದಿಗೆ ತೋಟದ ಹೆಸರಿದೆ, ತೋಟವಿಲ್ಲ. ಈ ಹೇಳಿಕೆಯನ್ನು ನಿಟ್ಟುಸಿರಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಆ ನಿಟ್ಟುಸಿರಿಗೆ ಕಾರಣರಾದವರಲ್ಲಿ ನಾವೂ ಇದ್ದೇವೆ. ಕೃಷಿಭೂಮಿಯ ಕಟ್ಟಡದ ಹಕ್ಕನ್ನು ಸರಕಾರವೇ ಕೊಂಡು ನೆಲವನ್ನು ಸದಾ ಕೃಷಿಗೆ ಉಳಿಸುವ ಯೋಜನೆಯೊಂದನ್ನು ಮ್ಯಾಸಚುಸೆಟ್ಸ್ 1977ರಲ್ಲಿ ಶಾಸನ ಮಾಡಿ ತಂದಿತು. ನಾವು ಹೋಗಿಬರುವ ತೋಟಗಳಲ್ಲಿ ಕೆಲವು ಉಳಿದಿರುವುದು ಅದರಿಂದ.

ಉಳಿದವರು ಬದುಕಿದ್ದು ನೆರೆಯ ನಗರವಾಸಿಗಳನ್ನೇ ಗಿರಾಕಿಗಳನ್ನಾಗಿ ಮಾಡಿಕೊಂಡು. 1970ರ ದಶಕದಲ್ಲಿ ‘ನೀವೇ ಕಿತ್ತುಕೊಳ್ಳಿ’ ಮತ್ತೆ ಚಿಗುರಿತು. ಇದಕ್ಕೆ ನೆರವಾದದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ 1913ರಲ್ಲಿ ಆರಂಭವಾದ ಈಸ್ಟ್ ಮಾಲಿಂಗ್ ಸಂಶೋಧನ ಕೇಂದ್ರದ ಗಿಡ್ಡ ಬೇರುಕಾಂಡಗಳು. ಅವುಗಳ ಮೇಲೆ ಕಸಿ ಮಾಡಿದ ಮರ ಆಳೆತ್ತರಕ್ಕೇ ನಿಲ್ಲುತ್ತದೆ. ಹಳೆಯ 30 ಅಡಿಯ ಮರಗಳಿಗೆ ಏಣಿ ಬೇಕಾಗಿತ್ತು, ಅಪರಿಚಿತರ ಮಕ್ಕಳನ್ನು ಏಣಿ ಹತ್ತಿಸುವ ಧೈರ್ಯ ಯಾವ ರೈತನಿಗಿದೆ? ನಮ್ಮ ಐದು ವರ್ಷದ ಮಗು ನಿಂತಲ್ಲೇ ಕೈಚಾಚಿ ಹಣ್ಣು ಹಿಡಿಯುವುದಾದರೆ ಅದು ಈಸ್ಟ್ ಮಾಲಿಂಗಿನ ಪುಣ್ಯ. ಹಣ್ಣನ್ನು ಮೇಲಕ್ಕೆತ್ತಿ ತುಸು ತಿರುಚಬೇಕು, ಎಳೆಯಬಾರದು. ಎಳೆದರೆ ಮುಂದಿನ ವರ್ಷದ ಮೊಗ್ಗು ಹೊತ್ತ ಗಿಡ್ಡ ಕವಲೂ ಮುರಿದು ಬರುತ್ತದೆ. ತೋಟದವರು ಇದನ್ನು ಪ್ರತಿ ವರ್ಷ ಹೇಳುತ್ತಾರೆ, ನಾವು ಪ್ರತಿ ವರ್ಷ ಎಳೆಯುತ್ತೇವೆ.

ಆದರೆ ತೋಟವೆಲ್ಲವನ್ನೂ ನಾವೇ ಕೀಳುವುದಿಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ಸಮೀಪದ ಸಾಲುಗಳು ನಮಗೆ. ಹಗ್ಗ ಕಟ್ಟಿದ ಆಚೆಯ ಸಾಲುಗಳಲ್ಲಿ ಬೇರೆಯವರಿರುತ್ತಾರೆ. 2006ರ ಆ ದಿನ ಅಪ್ಪ ಹಗ್ಗದ ಬಳಿ ಹೋಗಿ ನಿಂತರು. ಆಚೆ ಏಣಿಯ ಮೇಲೊಬ್ಬ ಕರಿಯ ಮನುಷ್ಯ, ಎದೆಗೆ ಕಟ್ಟಿಕೊಂಡ ಬುಟ್ಟಿ, ಎರಡು ಕೈಗಳೂ ಒಂದೇ ಸಮನೆ ಓಡುತ್ತಿದ್ದವು. ತುಂಬಿದೊಡನೆ ಇಳಿದು, ಬುಟ್ಟಿಯ ತಳದ ಬಟ್ಟೆ ಬಿಚ್ಚಿ, ಒಂದು ಹಣ್ಣಿಗೂ ಪೆಟ್ಟಾಗದಂತೆ ದೊಡ್ಡ ಪೆಟ್ಟಿಗೆಗೆ ಇಳಿಸುತ್ತಿದ್ದ. “ಇವನು ನೋಡು, ಕಸುಬುದಾರ” ಎಂದರು ಅಪ್ಪ, ಊರಿನಲ್ಲಿ ಒಳ್ಳೆಯ ಕೊನೆಗಾರನನ್ನು ಮೆಚ್ಚುವ ದನಿಯಲ್ಲಿ. ಅವನು ಜಮೈಕದವನು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅಪ್ಪ ತಮ್ಮ ಹರಕು ಇಂಗ್ಲಿಷಿನಲ್ಲಿ 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯ ನೋಡಲು ಹೋದದ್ದನ್ನು, ಕ್ಲೈವ್ ಲಾಯ್ಡ್ ಹೊಡೆದ 163ನ್ನು, ರಿಚರ್ಡ್ಸ್ ಮತ್ತು ಗ್ರೀನಿಜ್ ಇಬ್ಬರೂ ಆ ಪಂದ್ಯದಲ್ಲೇ ಕಣಕ್ಕಿಳಿದದ್ದನ್ನು ಹೇಳತೊಡಗಿದರು. ಅವನು ಏಣಿಯ ಮೇಲಿಂದಲೇ ನಗುತ್ತ ಕೋರ್ಟ್ನಿ ವಾಲ್ಷ್‌ನ ಹೆಸರು ಹೇಳಿದ. ಕೈ ಮಾತ್ರ ನಿಲ್ಲಿಸಲಿಲ್ಲ. ತಾನು 14 ವರ್ಷಗಳಿಂದ ಆಗಸ್ಟಿನಲ್ಲಿ ಬಂದು ನವೆಂಬರಿನಲ್ಲಿ ಮರಳುತ್ತಿರುವುದಾಗಿಯೂ, ಊರಿನಲ್ಲಿ ಹೆಂಡತಿ, ಮೂವರು ಮಕ್ಕಳಿರುವುದಾಗಿಯೂ ಹೇಳಿದ. ಅಪ್ಪ ನನ್ನತ್ತ ತಿರುಗಿ, “ಹದಿನಾಲ್ಕು ವರ್ಷ! ನೀನು ಬಂದೂ ಅಷ್ಟೇ ಆಯಿತಲ್ಲವೇನೋ?” ಎಂದರು. ಹೌದು, ನಾನು ಬಂದದ್ದು 1992ರಲ್ಲಿ.

ಜಮೈಕದ ಈ ಕೆಲಸಗಾರರ ಸರಣಿ ಆರಂಭವಾದದ್ದು 1943ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ಇಲ್ಲಿಯ ಗಂಡಸರು ಹೋಗಿದ್ದಾಗ, ಬ್ರಿಟಿಷ್ ವೆಸ್ಟ್ ಇಂಡೀಸಿನಿಂದ ಕೃಷಿಕಾರ್ಮಿಕರನ್ನು ಕರೆತರುವ ಒಪ್ಪಂದವಾಯಿತು. ಮೆಕ್ಸಿಕೊದೊಡನೆ ಇಂಥದೇ ಒಪ್ಪಂದ 1942ರಲ್ಲಿ ಆಗಿ 1964ರಲ್ಲಿ ಕೊನೆಗೊಂಡಿತು. ಆದರೆ ಪೂರ್ವ ಕರಾವಳಿಯ ಸೇಬಿಗೆ ಜಮೈಕದವರು ಬರುವುದು ನಿಲ್ಲಲಿಲ್ಲ. ಅದಕ್ಕೆ ಆಧಾರವಾದದ್ದು 1952ರ ವಲಸೆ ಮತ್ತು ರಾಷ್ಟ್ರೀಯತೆಯ ಶಾಸನ.

ಈ ಶಾಸನದ ಒಂದು ಉಪವಿಧಿಯನ್ನು ಕನ್ನಡ ಬಂಧುಗಳು ಗಮನವಿಟ್ಟು ನೋಡಬೇಕೆಂದು ನನ್ನ ಕೋರಿಕೆ. ತಾತ್ಕಾಲಿಕವಾಗಿ ದುಡಿಯಲು ಬರುವವರನ್ನೆಲ್ಲ ಅದು ‘ಎಚ್’ ಎಂಬ ಒಂದೇ ಅಕ್ಷರದಡಿ ಸೇರಿಸಿತು. ಮೊದಲನೆಯದು ವಿಶಿಷ್ಟ ಅರ್ಹತೆಯುಳ್ಳವರಿಗೆ, ಎರಡನೆಯದು ಇಲ್ಲಿ ಆಳು ಸಿಗದ ಕೆಲಸಗಳಿಗೆ. ಎರಡನೆಯದು 1986ರಲ್ಲಿ ಕವಲೊಡೆದು ಕೃಷಿಗೆಂದೇ ಎಚ್-2ಎ ಆಯಿತು. ಮೊದಲನೆಯದು 1990ರ ಶಾಸನದಲ್ಲಿ ಎಚ್-1ಬಿ ಆಯಿತು. ನಮ್ಮಲ್ಲಿ ಬಹುಮಂದಿಯ ಪಾಸ್‌ಪೋರ್ಟಿನಲ್ಲಿ ಮೊದಲು ಬಿದ್ದ ಮುದ್ರೆ ಈ ಎರಡನೆಯ ಹೆಸರಿನದು. ಹಗ್ಗದ ಈಚೆ ನಿಂತ ನಾನು, ಆಚೆ ಏಣಿಯ ಮೇಲಿದ್ದ ಅವನು, ಒಂದೇ ಉಪವಿಧಿಯ ಮಕ್ಕಳು.

ಆದರೆ ಪಾಲು ಸಮನಾಗಿ ಹಂಚಿಕೆಯಾಗಲಿಲ್ಲ. ಎಚ್-1ಬಿ ಹೊಂದಿದವನು ಇಲ್ಲಿಯೇ ನೆಲಸುವ ಉದ್ದೇಶವನ್ನು ಬಾಯಿಬಿಟ್ಟು ಹೇಳಬಹುದು, ಹಸಿರು ಚೀಟಿಗೆ ಅರ್ಜಿ ಹಾಕಿಯೂ ಕೆಲಸದಲ್ಲಿರಬಹುದು. ಹಸಿರು ಚೀಟಿಯ ಸಾಲಿನಲ್ಲಿ ಭಾರತದಲ್ಲಿ ಹುಟ್ಟಿದವರು ಕಾಯುವ ಕಾಲ ಅತಿದೀರ್ಘವೆಂಬುದು ನಿಜ, ನಮ್ಮ ಸಭೆಗಳಲ್ಲಿ ಅದರ ಕುರಿತ ಆಕ್ರೋಶವೂ ನ್ಯಾಯವಾದದ್ದೇ. ಎಚ್-2ಎಯವನಿಗೆ ನಿಲ್ಲಲು ಅಂಥ ಸಾಲೇ ಇಲ್ಲ. ಅವನಿಗೆ ವಸತಿಯನ್ನು ರೈತನೇ ಪುಕ್ಕಟೆ ಕೊಡಬೇಕು, ಕೂಲಿಯ ಕನಿಷ್ಠ ದರವನ್ನು ಸರಕಾರ ಗೊತ್ತುಪಡಿಸುತ್ತದೆ, ಒಪ್ಪಂದದ ಗಂಟೆಗಳಲ್ಲಿ ಮುಕ್ಕಾಲು ಪಾಲಿನ ಕೆಲಸ ಖಾತರಿ. ಇವೆಲ್ಲ ಒಳ್ಳೆಯವೇ. ಆದರೆ ಋತು ಮುಗಿದೊಡನೆ ಹೊರಡಬೇಕು, ಹದಿನಾಲ್ಕು ವರ್ಷ ಬಂದರೂ ಹದಿನೈದನೆಯ ವರ್ಷ ಅವನು ಹೊಸಬನೇ. ನನಗೆ ಅಷ್ಟು ಕಾಲದಲ್ಲಿ ಮನೆ, ಪೌರತ್ವ, ಇಲ್ಲಿಯೇ ಹುಟ್ಟಿದ ಇಬ್ಬರು ಮಕ್ಕಳು. ಇದನ್ನು ನನ್ನ ವಿದ್ಯೆಯ ಫಲವೆಂದು ಹೇಳಿಕೊಳ್ಳುವುದು ಸುಲಭ. ಅವನ ಕೈಚಳಕಕ್ಕೂ ವಿದ್ಯೆಯೆಂದೇ ಹೆಸರು ಎಂಬುದನ್ನು ಮಾತ್ರ ಶಾಸನ ಒಪ್ಪುವುದಿಲ್ಲ. ಅಡಿಕೆ ತೋಟದ ಅಪ್ಪ ಒಂದೇ ನೋಟದಲ್ಲಿ ಒಪ್ಪಿದರು.

ರೈತನನ್ನು ಇಲ್ಲಿ ಖಳನಾಯಕನನ್ನಾಗಿ ಮಾಡುವುದೂ ಅನ್ಯಾಯ. 1989ರ ಫೆಬ್ರವರಿಯಲ್ಲಿ ಆಲಾರ್ ಎಂಬ ರಾಸಾಯನಿಕದ ಬಗ್ಗೆ ಒಂದು ಟೆಲಿವಿಷನ್ ಕಾರ್ಯಕ್ರಮ ಪ್ರಸಾರವಾದ ಮಾರನೆಯ ದಿನದಿಂದ ದೇಶದಲ್ಲಿ ಸೇಬು ಕೊಳ್ಳುವವರಿಲ್ಲದಾಯಿತು, ಅದನ್ನು ಎಂದೂ ಸಿಂಪಡಿಸದಿದ್ದವರ ಹಣ್ಣೂ ಉಳಿಯಿತು. ಹವಾಮಾನವಂತೂ ಯಾರ ಮಾತನ್ನೂ ಕೇಳುವುದಿಲ್ಲ. 2023ರ ಮೇ 18ರ ಬೆಳಗಿನ ಜಾವ ಹೂ ಉದುರಿ ಕಾಯಿ ಕಚ್ಚುವ ಹೊತ್ತಿಗೆ ಹಿಮ ಬಿತ್ತು. ನ್ಯೂ ಇಂಗ್ಲೆಂಡ್, ನ್ಯೂಯಾರ್ಕುಗಳ ಅನೇಕ ತೋಟಗಳಲ್ಲಿ ಒಂದೇ ರಾತ್ರಿಯಲ್ಲಿ ವರ್ಷದ ಫಸಲು ಹೋಯಿತು. ಇಂಥ ವರ್ಷದಲ್ಲಿ ಎಷ್ಟು ಜನರನ್ನು ಕರೆಸಬೇಕೆಂಬ ಲೆಕ್ಕ ರೈತನಿಗೆ ನಿದ್ದೆಗೆಡಿಸುತ್ತದೆ, ತನ್ನ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದು ಜಮೈಕದ ಮನೆಯೊಂದರಲ್ಲಿ ನಿದ್ದೆಗೆಡಿಸುತ್ತದೆ.

ಹಿಮ ತಾಗಿಯೂ ಉಳಿದ ಕಾಯಿಗಳ ಮೈಮೇಲೆ ಕಂದುಬಣ್ಣದ ಬಳೆಯಂಥ ಒಂದು ಗುರುತು ಉಳಿಯುತ್ತದೆ. ಅಂಥ ಹಣ್ಣನ್ನು ಸಗಟು ವ್ಯಾಪಾರಿಗಳು ಮುಟ್ಟುವುದಿಲ್ಲ. ಕೈಯಾರೆ ಕೀಳಲು ಬಂದವರು ಮಾತ್ರ, ತೋಟದವರು ಕಾರಣವನ್ನು ವಿವರಿಸಿದರೆ, ಗೊಣಗದೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ.